ಒಂದು ಗೆರೆ ಹೆಚ್ಚು

"ಎರಡು," ಎಂದಳು ಅಂಬಿಕಾ. ಹೇಳಿದ ಮೇಲೆ ಕಮಲಕ್ಕನ ಮುಖ ನೋಡಿದಳು. ನೋಡಿದ ಮೇಲೆ, ಹೇಳಬಾರದಿತ್ತು ಅನ್ನಿಸಿತು.

"ಎರಡು ಎಂತದು?"

"ಎರಡು ಗುಳಿಗೆ."

ಕಮಲಕ್ಕ ಕನ್ನಡಕ ತೆಗೆದು ಸೆರಗಿನ ತುದಿಯಲ್ಲಿ ಒರೆಸಿದರು. ಸರ್ಕಾರಿ ಆಸ್ಪತ್ರೆಗಳಲ್ಲಿ ನರ್ಸಾಗಿದ್ದು, ನಿವೃತ್ತರಾಗಿ ಶೃಂಗೇರಿಗೆ ಬಂದು ಕೂತ ಮೇಲೆ ಅವರಿಗೆ ಬೈಯಲು ಸರಿಯಾಗಿ ಒಬ್ಬರೂ ಸಿಕ್ಕಿರಲಿಲ್ಲ. ಈಗ ಹಾಲು ಹಾಕುವ ಹುಡುಗಿಯೇ ಲೆಕ್ಕ ಹೇಳಿಸಿಕೊಳ್ಳಲು ಬಂದಿದ್ದರಿಂದ ಅವರ ಪಾಠದಲ್ಲಿ ಉತ್ಸಾಹ ಕೊಂಚ ಜಾಸ್ತಿಯೇ ಇತ್ತು.

"ಡಾಕ್ಟರು ಕೊಡು ಅಂದಿದ್ದು ಸೊನ್ನೆ ಪಾಯಿಂಟ್ ಒಂದು ಎರಡು ಐದು. ನಿನ್ನ ಕೈಲಿರೋ ಗುಳಿಗೆ ಸೊನ್ನೆ ಪಾಯಿಂಟ್ ಎರಡು ಐದು. ಬೇಕಾದ್ದು ಸಣ್ಣದು, ಇರೋದು ದೊಡ್ಡದು. ಎರಡು ಹೆಂಗೆ ಬಂತು? ಹಾರ್ಟಿನ ಗುಳಿಗೆ ಮಾರಾಯ್ತಿ ಇದು. ಅರ್ಧ ಕೊಡೋ ಕಡೆ ಎರಡು ಕೊಟ್ಟೆ ಅಂದ್ರೆ ಬೆಳಿಗ್ಗೆ ಮಂಚ ಖಾಲಿ."

ಅಂಬಿಕಾ ಪೆನ್ಸಿಲಿನ ಹಿಂಬದಿ ಕಚ್ಚಿದಳು. ಪಾಯಿಂಟ್ ಕಂಡರೆ ಅವಳಿಗೆ ಹೈಸ್ಕೂಲಿನಿಂದಲೂ ಹೆದರಿಕೆ. ಇಷ್ಟು ಸಣ್ಣ ಚುಕ್ಕೆ, ಅತ್ತ ಒಂದು ಹೆಜ್ಜೆ ಇಟ್ಟರೆ ಹತ್ತು ಪಟ್ಟು, ಇತ್ತ ಇಟ್ಟರೆ ಏನೂ ಇಲ್ಲ. ಎಸ್ಸೆಲ್ಸಿಯಲ್ಲಿ ಗಣಿತ ಹೇಗೋ ದಾಟಿಹೋಗಿತ್ತು. ಪಿಯುಸಿಗೆ ಆರ್ಟ್ಸ್ ತೆಗೆದುಕೊಂಡದ್ದೇ ಈ ಕಾಟ ತಪ್ಪಲಿ ಎಂದು. ನರ್ಸು ಅಂದರೆ ಬಿಳಿ ಸೀರೆ, ಬಿಳಿ ಚಪ್ಪಲಿ, ಮೃದುವಾದ ಮಾತು ಎಂದುಕೊಂಡಿದ್ದವಳಿಗೆ, ಅಲ್ಲಿಯೂ ಚುಕ್ಕೆ ಬಂದು ಬಾಗಿಲಲ್ಲಿ ಕೂತಿರುತ್ತದೆ ಎಂದು ಯಾರೂ ಹೇಳಿರಲಿಲ್ಲ.

ಕೊಪ್ಪದಲ್ಲಿ ಹೊಸದಾಗಿ ಶುರುವಾಗಿದ್ದ ನರ್ಸಿಂಗ್ ಶಾಲೆಯಲ್ಲಿ ಕೆಲವೇ ಸೀಟುಗಳಿದ್ದವು. ಫೀಸಿಲ್ಲ, ಊಟ ವಸತಿ ಅವರದ್ದೇ. ಆದ್ದರಿಂದಲೇ ಸುಮ್ಮನೆ ಅಂಕ ನೋಡಿ ಸೇರಿಸಿಕೊಳ್ಳುತ್ತಿರಲಿಲ್ಲ. ಅಲ್ಲಿನ ದೊಡ್ಡ ಸಿಸ್ಟರ್ ಔಷಧಿಯ ಲೆಕ್ಕದ ಪರೀಕ್ಷೆ ಕೊಡುತ್ತಾರೆ, ಆಮೇಲೆ ಒಬ್ಬೊಬ್ಬರನ್ನೇ ಒಳಗೆ ಕರೆದು ಸಿರಿಂಜು ಹಿಡಿಸಿ ಕೈ ನೋಡುತ್ತಾರೆ ಎಂದು ಕಮಲಕ್ಕನೇ ವಿಚಾರಿಸಿಕೊಂಡು ಬಂದಿದ್ದರು. ಪರೀಕ್ಷೆ ಬರುವ ವಾರ ಕಳೆದ ಮೇಲಿನ ಸೋಮವಾರ. ಇದು ತಪ್ಪಿದರೆ ಅಂಬಿಕಾಳಿಗೆ ಬೇರೆ ಶಾಲೆ ಇಲ್ಲ. ಅಪ್ಪ ಮಂಜಯ್ಯ ಹೋಗುವ ತೋಟಕ್ಕೇ ಅವಳೂ ಕೂಲಿಗೆ ಹೋಗಬೇಕು. ಅದನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ.

"ಬೇಕಾದ್ದು ಮೇಲೆ, ಇರೋದು ಕೆಳಗೆ," ಎಂದರು ಕಮಲಕ್ಕ. "ಇದನ್ನ ನಿದ್ದೇಲಿ ಎಬ್ಬಿಸಿ ಕೇಳಿದ್ರೂ ಹೇಳ್ಬೇಕು. ಹೇಳು."

"ಬೇಕಾದ್ದು ಮೇಲೆ, ಇರೋದು ಕೆಳಗೆ."

"ನಾಳೆ ಹಾಲು ಹಾಕ್ತಾ ದಾರಿ ಮೇಲೆ ಹೇಳ್ಕೊಂಡು ಹೋಗು. ಜನ ಹುಚ್ಚಿ ಅಂದ್ರೆ ಅನ್ಲಿ."

ಅಂಬಿಕಾ ಹಾಗೆಯೇ ಮಾಡಿದಳು. ಬೆಳಿಗ್ಗೆ ಹಾಲಿನ ಕ್ಯಾನು ಹಿಡಿದು ಹೊಳೆದಂಡೆಯ ಕೇರಿಯಿಂದ ಪೇಟೆಗೆ ಹೋಗುವಾಗ ಬೇಕಾದ್ದು ಮೇಲೆ, ಬರುವಾಗ ಇರೋದು ಕೆಳಗೆ. ಗೊತ್ತಾದ ಮನೆಗಳಿಗೆ ದಿನಾ ವರ್ತನೆಯ ಹಾಲು ಹಾಕುವುದು ಮೊದಲು ಅವಳ ಅಮ್ಮ ಸೀತಕ್ಕನ ಕೆಲಸವಾಗಿತ್ತು. ಹೋದ ವರ್ಷ ತೋಟದ ಎತ್ತರದ ಧರೆಯಿಂದ ಜಾರಿ ಬಿದ್ದು ಸೀತಕ್ಕನ ಮಂಡಿ ಊದಿಕೊಂಡ ಮೇಲೆ ಕ್ಯಾನು ಮಗಳ ಕೈಗೆ ಬಂದಿತ್ತು. ಹಾಲು ಕರೆಯುವುದು ಅಮ್ಮ, ಮನೆಮನೆಗೆ ಅಳೆದು ಹಾಕುವುದು ಮಗಳು. ನಾಲ್ಕಾರು ದಿನ ಹೀಗೆ ಗೊಣಗಿಕೊಂಡು ತಿರುಗಿದ ಮೇಲೆ ಲೆಕ್ಕ ನಿಧಾನವಾಗಿ ಅವಳ ಮಾತು ಕೇಳತೊಡಗಿತು. ಬೆವರುವುದು ನಿಲ್ಲಲಿಲ್ಲ, ಆದರೆ ಉತ್ತರ ಸರಿ ಬರುತ್ತಿತ್ತು. ಒಂದು ದಿನ ನಾಲ್ಕು ಪಾಯಿಂಟ್ ಎಂಟು ಬರಬೇಕಾದ ಕಡೆ ಐದು ಎಂದು ಬರೆದಿದ್ದಳು. ಜ್ವರದ ಸಿರಪ್ಪಿನ ಲೆಕ್ಕ ಅದು. ಕಮಲಕ್ಕ ಗುರ್ ಎಂದು ಸುಮ್ಮನಾಗಿದ್ದರು.

ಗುರುವಾರ ಕಮಲಕ್ಕ ಸೂಜಿ ಇಲ್ಲದ ಹೊಸ ಸಿರಿಂಜು ತಂದಿಟ್ಟರು. ಲೋಟದಲ್ಲಿ ನೀರು.

"ಇದನ್ನ ಇಂಜೆಕ್ಷನ್ ಅಂತ ತಿಳ್ಕೋ. ಎರಡು ಎಮ್ಮೆಲ್ಲಿನಲ್ಲಿ ಎಂಬತ್ತು ಮಿಲಿಗ್ರಾಂ ಇದೆ. ಸಣ್ಣ ಕೂಸು, ಅದಕ್ಕೆ ಇಪ್ಪತ್ತು ಸಾಕು. ಎಷ್ಟು ಎಳೀತೀಯ?"

ಇಪ್ಪತ್ತು ಮೇಲೆ, ಎಂಬತ್ತು ಕೆಳಗೆ, ಗುಣಿಸು ಎರಡು. ಅಂಬಿಕಾ ಕಾಗದ ಮುಟ್ಟದೆ ಹೇಳಿದಳು: "ಪಾಯಿಂಟ್ ಐದು."

"ಮುಂದೆ ಸೊನ್ನೆ ಹೇಳು. ಸೊನ್ನೆ ಹೇಳದೆ ಇದ್ರೆ ಕೇಳೋರಿಗೆ ಐದು ಅಂತಲೇ ಕೇಳ್ತದೆ."

"ಸೊನ್ನೆ ಪಾಯಿಂಟ್ ಐದು ಎಮ್ಮೆಲ್, ಕಮಲಕ್ಕ."

ಕಮಲಕ್ಕ "ಹ್ಞೂಂ" ಎಂದರು. ಅವರ ಬಾಯಿಂದ ಬಂದ ಮೊದಲ ಶಭಾಷ್ ಅದು. ಅಂಬಿಕಾ ಸಿರಿಂಜಿನ ತುದಿಯನ್ನು ನೀರಿಗಿಟ್ಟು ಕಡ್ಡಿಯನ್ನು ಹಿಂದಕ್ಕೆ ಎಳೆದಳು. ನೀರು ಐದನೆಯ ಗೆರೆಗೆ ಬಂದು ಸರಿಯಾಗಿ ನಿಂತಿತು. ನಿಂತದ್ದನ್ನು ಇಬ್ಬರೂ ನೋಡಿದರು. ಆಮೇಲೆ ಅವಳ ಬೆರಳು ಇನ್ನೊಂದು ಚೂರು ಎಳೆಯಿತು. ನೀರು ಆರನೆಯ ಗೆರೆ ಮುಟ್ಟಿತು.

"ಅದೆಂತಕ್ಕೆ ಮೇಲೆ ಹೋಯ್ತು?"

"ಯಾವ್ದು?"

"ಐದಕ್ಕೆ ನಿಂತಿತ್ತಲ್ಲ. ಮತ್ತೆ ಎಳ್ದಿ. ನಾನು ನೋಡಿದೆ."

ಅಂಬಿಕಾ ತನ್ನ ಕೈಯನ್ನು ಪಕ್ಕದ ಮನೆಯವರ ಕೈ ನೋಡುವ ಹಾಗೆ ನೋಡಿದಳು. ಸುಳ್ಳು ಹೇಳಲು ತೋಚಲಿಲ್ಲ. "ಸ್ವಲ್ಪ ಕೊಸರು," ಎಂದಳು.

ಕಮಲಕ್ಕನಿಗೆ ಮೊದಲು ನಗು ಬಂತು. ಹಾಲಿಗೆ ಹಾಕುವ ಕೊಸರನ್ನು ಇಂಜೆಕ್ಷನ್ನಿಗೂ ಹಾಕಿದವಳನ್ನು ಅವರು ತಮ್ಮ ಇಷ್ಟು ವರ್ಷದ ಸರ್ವೀಸಿನಲ್ಲಿ ಕಂಡಿರಲಿಲ್ಲ. ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಇನ್ನೊಮ್ಮೆ ಎಳೆಯಲು ಹೇಳಿದರು. ಮತ್ತೆ ಐದಕ್ಕೆ ನಿಂತು ಆರಕ್ಕೆ ಹೋಯಿತು. ಮೂರನೆಯ ಸಲ ಅಂಬಿಕಾ ತುಟಿ ಕಚ್ಚಿಕೊಂಡು ಎಳೆದಳು. ಆಗಲೂ ನೀರು ಐದರ ಗೆರೆಯನ್ನು ದಾಟಿಯೇ ನಿಂತಿತು. ಕಮಲಕ್ಕನ ನಗು ನಿಂತುಹೋಯಿತು.

"ಇಪ್ಪತ್ತು ಕೊಡೋ ಕಡೆ ಇಪ್ಪತ್ನಾಲ್ಕು ಹೋಯ್ತು. ಒಂದಿನ ಹೋದ್ರೆ ಹೋಗ್ಲಿ. ದಿನಾ ಹಿಂಗೇ ಹೋದ್ರೆ ಈ ಔಷಧಿ ಕೂಸಿನ ಕಿವಿ ತಿಂತದೆ. ತಾಯಿ ಕರೆದ್ರೆ ತಿರುಗಿ ನೋಡಲ್ಲ ಅದು, ಗೊತ್ತಾಯ್ತಾ?" ಅವರು ಸಿರಿಂಜನ್ನು ಅವಳ ಕೈಯಿಂದ ತೆಗೆದುಕೊಂಡರು. "ಲೆಕ್ಕ ಬರದೆ ಇದ್ರೆ ಕಲಿಸ್ಬಹುದು ಅಂಬಿಕಾ. ಇದನ್ನ ನಿನ್ನ ಕೈಯಿಂದ ತೆಗೆಯೋದು ಹೆಂಗೆ?"

ಅಂದು ಮನೆಗೆ ಹೋಗುವ ದಾರಿಯಲ್ಲಿ ಅಂಬಿಕಾಳಿಗೆ ಬೇಕಾದ್ದೂ ನೆನಪಾಗಲಿಲ್ಲ, ಇರೋದೂ ನೆನಪಾಗಲಿಲ್ಲ. ಕಿವಿ ಕೇಳದ ಒಂದು ಕೂಸು ಮಾತ್ರ ಕಣ್ಣ ಮುಂದೆ ಇತ್ತು. ಅದರ ಮುಖ ಸ್ಪಷ್ಟವಿರಲಿಲ್ಲ, ಅದಕ್ಕೇ ಇನ್ನೂ ಹೆದರಿಕೆಯಾಯಿತು.

ಕೊಸರು ಹಾಕುವುದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಅರ್ಧ ಲೀಟರಿನ ಅಳತೆಯಲ್ಲಿ ತುಂಬಿ ಪಾತ್ರೆಗೆ ಸುರಿದ ಮೇಲೆ, ಕ್ಯಾನನ್ನೇ ಬಗ್ಗಿಸಿ ಮೇಲೊಂದು ಸಣ್ಣ ಧಾರೆ ಬಿಡಬೇಕು. ಬಿಡದಿದ್ದರೆ ಹಾಲು ಹಾಕಿದಂತೆಯೇ ಅಲ್ಲ. ಕೊಳ್ಳುವವರು ಪಾತ್ರೆಯನ್ನು ಹಿಂದಕ್ಕೆ ತೆಗೆಯುವುದೇ ಆ ಧಾರೆ ಬಿದ್ದ ಮೇಲೆ. ಸೀತಕ್ಕನ ಕೈ ದೊಡ್ಡದು ಎಂದು ಪೇಟೆಯಲ್ಲಿ ಹೆಸರಿತ್ತು. ಒಡವೆ ಇಲ್ಲ, ಜಾಗ ಇಲ್ಲ, ಓದಿಲ್ಲ. ಸೀತಕ್ಕನ ಹತ್ತಿರ ಇದ್ದದ್ದು ಅದೊಂದು ಹೆಸರು.

ಮರುದಿನ ಬೆಳಿಗ್ಗೆ ಅಂಬಿಕಾ ಅಳತೆ ತುಂಬಿ ಸುರಿದು ಕೈ ಬಿಗಿಹಿಡಿದಳು. ಮೊದಲ ಮನೆಯಲ್ಲಿ ಪಾತ್ರೆ ಹಿಡಿದವರು ಕಾದರು. ಇವಳು ನೆಲ ನೋಡುತ್ತ ಕ್ಯಾನಿನ ಮುಚ್ಚಳ ಹಾಕಿ ಹೊರಟುಬಿಟ್ಟಳು. ಅವರಿಗೆ ಅವಳ ಅವಸರ ಎಂದು ಕಂಡಿರಬೇಕು. ಯಾತ್ರಿಕರಿಗೆ ಲಾಡ್ಜು ನಡೆಸುವ ವಸಂತಮ್ಮ ಮಾತ್ರ ಹಾಗೆ ಬಿಡುವ ಹೆಂಗಸಲ್ಲ. ಪಾತ್ರೆಯನ್ನು ಚಾಚಿದ್ದು ಚಾಚಿದಂತೆಯೇ ಹಿಡಿದುಕೊಂಡು, "ಎಂತ ಅಂಬಿಕಾ, ನಿನ್ನ ಕೈ ಒಂದೇ ರಾತ್ರೀಲಿ ಗಿಡ್ಡ ಆಯ್ತಾ?" ಎಂದರು.

ಜಗಲಿಯಲ್ಲಿ ಕೂತು ಹಲ್ಲುಜ್ಜುತ್ತಿದ್ದ ಯಾತ್ರಿಕರೂ ತಿರುಗಿ ನೋಡಿದರು. ಅಂಬಿಕಾಳ ಕಿವಿ ಬಿಸಿಯಾಯಿತು.

"ಅಳತೆ ಸರಿ ಇದೆ ವಸಂತಮ್ಮ."

"ಅಳತೆ ಸರಿ ಇಲ್ಲ ಅಂದ್ನಾ ನಾನು? ನಿಮ್ಮಮ್ಮ ಹಾಕೋದು ಹಿಂಗಲ್ಲ ಅಂದೆ."

ಆ ಮಾತು ಅಂಬಿಕಾಳಿಗಿಂತ ಮೊದಲೇ ಮನೆ ಸೇರಿತ್ತು. ಅವಳು ಖಾಲಿ ಕ್ಯಾನು ತೊಳೆಯಲು ಬಾವಿಕಟ್ಟೆಗೆ ಬಂದಾಗ ಸೀತಕ್ಕ ಅಲ್ಲೇ ನಿಂತಿದ್ದಳು, ಒಂದು ಕೈ ಮಂಡಿಯ ಮೇಲೆ.

"ಕಮಲಕ್ಕ ನಿಂಗೆ ಕಲಿಸಿದ್ದು ಇದಾ?"

"ಅಮ್ಮ, ಔಷಧಿಗೆ ಕೊಸರು ಹಾಕಿದ್ರೆ ಜೀವ ಹೋಗ್ತದೆ."

"ಹಾಲಿಗೆ ಹಾಕದೆ ಇದ್ರೆ ನನ್ನ ಮರ್ಯಾದೆ ಹೋಗ್ತದೆ. ಹಾಲೂ ಔಷಧಿಯೂ ಒಂದೇ ಏನೇ?"

"ಕೈ ಒಂದೇ ಅಲ್ದಾ ಅಮ್ಮ? ನಿಂತ್ರೂ ಅದಷ್ಟಕ್ಕೆ ಅದು ಮುಂದೆ ಹೋಗ್ತದೆ. ಸೋಮವಾರ ಅವ್ರು ಕೈ ನೋಡ್ತಾರೆ."

ಸೀತಕ್ಕನಿಗೆ ಅದು ಅರ್ಥವಾಗಲಿಲ್ಲವೋ, ಅರ್ಥವಾಗಿಯೇ ಸಿಟ್ಟು ಬಂತೋ, "ಇಷ್ಟು ವರ್ಷ ನಾನು ಹಾಕಿದ್ದು ನಿಂಗೆ ಕಾಯಿಲೆ ಥರ ಕಾಣ್ತದಾ?" ಎಂದು ಕೇಳಿ ಕೊಟ್ಟಿಗೆಗೆ ಹೋದಳು. ಕೆಲಸಕ್ಕೆ ಹೊರಟಿದ್ದ ಮಂಜಯ್ಯ ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತ, "ಬೆಳಿಗ್ಗೆ ಕೊಸರು ಹಾಕು, ಮಧ್ಯಾಹ್ನ ಲೆಕ್ಕ ಮಾಡು. ಎರಡೂ ನಡೀತದೆ ಮಾರಾಯ್ತಿ," ಎಂದು ರಾಜಿ ಮಾಡಿಸಲು ನೋಡಿದ. ಅವನಿಗೆ ಜಗತ್ತಿನ ಯಾವ ಜಗಳವೂ ಅಷ್ಟು ದೊಡ್ಡದೆಂದು ಅನ್ನಿಸುತ್ತಿರಲಿಲ್ಲ.

ಅಪ್ಪನ ಮಾತಿನಂತೆಯೇ ಮಾಡಲು ಹೋಗಿ ಅಂಬಿಕಾ ಇನ್ನೂ ಕೆಟ್ಟಳು. ಶನಿವಾರ ಬೆಳಿಗ್ಗೆ ಎಲ್ಲರಿಗೂ ಧಾರಾಳವಾಗಿ ಧಾರೆ ಬಿಟ್ಟಳು. ವಸಂತಮ್ಮನಿಗೆ ನಿನ್ನೆಯದೂ ಸೇರಿಸಿ ಹಾಕಿದಳು. ಮಧ್ಯಾಹ್ನ ಕಮಲಕ್ಕನ ಮುಂದೆ ಸಿರಿಂಜು ಹಿಡಿದಾಗ ಗೆರೆ ದಾಟಿಬಿಡುತ್ತೇನೆಂಬ ಹೆದರಿಕೆಗೆ ನಾಲ್ಕಕ್ಕೇ ನಿಂತಳು. ಕಮಲಕ್ಕ ಲೋಟವನ್ನು ಮತ್ತೆ ಅವಳ ಮುಂದೆ ಸರಿಸಿದರು. ಮತ್ತೆ ಎಳೆದಳು, ಏಳಕ್ಕೆ ಹೋಯಿತು. ಬರುತ್ತಿದ್ದ ಲೆಕ್ಕವೂ ತಪ್ಪಿತು. ಬೇಕಾದ್ದು ಕೆಳಗೆ ಹೋಗಿ ಇರೋದು ಮೇಲೆ ಬಂತು. ಅವಳು ಪೆನ್ಸಿಲ್ ಕೆಳಗಿಟ್ಟು ಮುಖ ಮುಚ್ಚಿಕೊಂಡು ಅತ್ತಳು.

"ಹೋಗೋದೇ ಬ್ಯಾಡ ಕಮಲಕ್ಕ. ನಾನು ಯಾರನ್ನಾದ್ರೂ ಕೊಲ್ತೀನಿ."

ಅಂಥ ಹೊತ್ತಿಗೆ ಸಮಾಧಾನ ಮಾಡುವುದು ಕಮಲಕ್ಕನಿಗೆ ಒಗ್ಗಿದ ಕೆಲಸವಾಗಿರಲಿಲ್ಲ. "ಹೆದ್ರೋಳು ಕೊಲ್ಲಲ್ಲ," ಎಂದು ಮಾತ್ರ ಹೇಳಿ ಒಳಗೆ ಹೋಗಿ ಕಾಫಿ ಮಾಡಿಕೊಂಡು ಬಂದರು. ಕಾಫಿಗೆ ಸಕ್ಕರೆ ಹಾಕಲು ಮರೆತಿದ್ದರು. ಅಂಬಿಕಾ ಹಾಗೆಯೇ ಕುಡಿದಳು.

ಭಾನುವಾರ ಅವಳು ಎದ್ದಾಗ ಕ್ಯಾನು ಇದ್ದ ಜಾಗದಲ್ಲಿ ಕ್ಯಾನು ಇರಲಿಲ್ಲ. ಅಳತೆಯೂ ಇರಲಿಲ್ಲ. ಹೊರಗೆ ಓಡಿಬಂದು ನೋಡಿದರೆ ಸೀತಕ್ಕ ಆಗಲೇ ಬೇಲಿಯ ದಣಪೆ ದಾಟಿ ದಾರಿಗಿಳಿದಿದ್ದಳು. ಕ್ಯಾನು ಬಲಗೈಯಲ್ಲಿ, ಎಡಗೈಗೆ ಒಂದು ಕೋಲು. ಒಂದು ಕಾಲು ಊರಿ ಇನ್ನೊಂದನ್ನು ಎಳೆದುಕೊಂಡು ಹೋಗುತ್ತಿದ್ದಳು.

"ಅಮ್ಮಾ, ಕೊಡು ಇಲ್ಲಿ! ನಿನ್ನ ಕಾಲಲ್ಲಿ ಎಲ್ಲಿಗೆ ಹೋಗ್ತೀಯ?"

ಸೀತಕ್ಕ ನಿಂತಳು, ಆದರೆ ಕ್ಯಾನು ಕೊಡಲಿಲ್ಲ. "ಮುಟ್ಬೇಡ," ಎಂದಳು. ಸಿಟ್ಟಿನಲ್ಲಿ ಹೇಳಿದ ಹಾಗಿರಲಿಲ್ಲ. "ನಿನ್ನೆ ಸಂಜೆ ಕಮಲಕ್ಕನ ಮನೆ ಹತ್ರ ಹೋಗಿದ್ದೆ. ಹೇಳಿದ್ರು. ಇನ್ಮೇಲೆ ನೀನು ಹಾಲು ಅಳೀಬೇಡ. ನಿನ್ನ ಕೈ ಬೇರೆ ಮಾಡ್ಕೋ. ನನ್ನ ಹಾಲಿನ ವರ್ತನೆ ನಾನು ನೋಡ್ಕೊಳ್ತೀನಿ."

"ಮಂಡಿ?"

"ಮಂಡಿ ಇದ್ದಲ್ಲೇ ಇರ್ತದೆ, ಎಲ್ಲಿಗೆ ಹೋಗ್ತದೆ?"

ಅಂಬಿಕಾ ದಣಪೆಯಲ್ಲಿ ನಿಂತು ನೋಡಿದಳು. ಓಡಿಹೋಗಿ ಕ್ಯಾನು ಕಸಿದುಕೊಳ್ಳಬೇಕೆಂದು ಅನ್ನಿಸಿತು, ಕಸಿದುಕೊಳ್ಳಲಿಲ್ಲ. ಅದಕ್ಕಾಗಿ ದಿನವಿಡೀ ಅವಳಿಗೆ ತನ್ನ ಮೇಲೆಯೇ ಬೇಸರವಾಯಿತು. ಆದರೂ ಕೂತು, ಕಮಲಕ್ಕ ಕೊಟ್ಟಿದ್ದ ಸಿರಿಂಜಿನಲ್ಲಿ ನೀರೆಳೆದಳು. ಎಳೆದು ನಿಲ್ಲಿಸಿ, ಕಡ್ಡಿಯಿಂದ ಬೆರಳು ತೆಗೆದು ಮಡಿಲಲ್ಲಿಟ್ಟುಕೊಳ್ಳುವುದು, ಆಮೇಲೆ ಗೆರೆ ನೋಡುವುದು: ಹಾಗೆಂದು ಅವಳಷ್ಟಕ್ಕೆ ಅವಳೇ ಒಂದು ಉಪಾಯ ಮಾಡಿಕೊಂಡಳು. ಸಂಜೆಯ ಹೊತ್ತಿಗೆ ನೀರು ನಿಂತಲ್ಲಿ ನಿಲ್ಲತೊಡಗಿತು. ಸೀತಕ್ಕ ಎರಡು ಹೊತ್ತೂ ಹಾಲು ಹಾಕಿ ಬಂದು ಮಂಡಿಗೆ ಬಿಸಿನೀರಿನ ಬಟ್ಟೆ ಒತ್ತಿಕೊಂಡು ಕೂತಿದ್ದಳು.

ಸೋಮವಾರ ಕೊಪ್ಪದ ಬಸ್ಸಿನಲ್ಲಿ ಅವಳು ದಾರಿಯುದ್ದಕ್ಕೂ ಬೇಕಾದ್ದು ಮೇಲೆ, ಇರೋದು ಕೆಳಗೆ ಎಂದುಕೊಂಡಳು. ಶಾಲೆಯ ದೊಡ್ಡ ಕೋಣೆಯಲ್ಲಿ ಬೆಂಚುಗಳ ತುಂಬ ಹುಡುಗಿಯರು. ಪಕ್ಕದಲ್ಲಿ ಕೂತವಳು ನರಸಿಂಹರಾಜಪುರದ ಅರ್ಪಿತಾ. ಪಿಯುಸಿ ಸೈನ್ಸು, ಚುರುಕು. ಪ್ರಶ್ನೆಪತ್ರಿಕೆ ಕೈಗೆ ಬಂದು ಸ್ವಲ್ಪ ಹೊತ್ತಿಗೆಲ್ಲ ಮುಗಿಸಿ ಉಗುರು ನೋಡಿಕೊಳ್ಳುತ್ತ ಕೂತಳು. ಅಂಬಿಕಾ ಒಂದೊಂದು ಲೆಕ್ಕಕ್ಕೂ ತುಟಿಯಾಡಿಸಿ, ಬೇಕಾದ್ದನ್ನು ಮೇಲಿಟ್ಟು, ಇರೋದನ್ನು ಕೆಳಗಿಟ್ಟು, ಮುಂದೆ ಸೊನ್ನೆ ಇದೆಯೇ ಎಂದು ತಿರುಗಿ ನೋಡಿ ಬರೆದಳು. ಕೊನೆಯದ್ದನ್ನು ಬರೆಯುವಾಗ ಗಂಟೆ ಹೊಡೆಯಿತು.

ಒಳಗಿನ ಕೋಣೆಯಲ್ಲಿ ದೊಡ್ಡ ಸಿಸ್ಟರ್ ಒಬ್ಬರೇ ಇದ್ದರು. ವಯಸ್ಸಾದವರು, ಕನ್ನಡವನ್ನು ನಿಧಾನವಾಗಿ ಬಿಡಿಸಿ ಬಿಡಿಸಿ ಮಾತಾಡುತ್ತಿದ್ದರು. ಮೇಜಿನ ಮೇಲೆ ಬಟ್ಟಲಿನಲ್ಲಿ ನೀರು, ಒಂದು ಸಿರಿಂಜು.

"ಎರಡು ಎಮ್ಮೆಲ್ಲಿನಲ್ಲಿ ಎಂಬತ್ತು. ಮಗುವಿಗೆ ಬೇಕಾದ್ದು ಮೂವತ್ತು. ತೆಗೆದು ತೋರಿಸು."

ಸೊನ್ನೆ ಪಾಯಿಂಟ್ ಏಳು ಐದು. ಉತ್ತರ ತಕ್ಷಣ ಬಂತು. ಅವಳು ಸಿರಿಂಜನ್ನು ಎತ್ತಿ ನೋಡಿದಳು. ಆ ಸಿರಿಂಜಿನಲ್ಲಿ ಏಳಕ್ಕೆ ಗೆರೆಯಿತ್ತು, ಎಂಟಕ್ಕೆ ಗೆರೆಯಿತ್ತು, ಇವೆರಡರ ನಡುವೆ ಬರಿಯ ಪ್ಲಾಸ್ಟಿಕ್ಕು. ಅವಳು ಎಳೆದು ನಿಲ್ಲಿಸಿ, ಬೆರಳು ತೆಗೆದು, ಕಣ್ಣಿನ ನೇರಕ್ಕೆ ಹಿಡಿದು ನೋಡಿದಳು. ಏಳು ದಾಟಿದೆ, ಎಂಟಿಲ್ಲ. ಸರಿಯಾಗಿ ಅರ್ಧವೇ? ಗೊತ್ತಾಗಲಿಲ್ಲ.

"ಎಂಟಕ್ಕೆ ಎಳೆದುಬಿಡು," ಎಂದರು ದೊಡ್ಡ ಸಿಸ್ಟರ್. "ಸ್ವಲ್ಪ ಜಾಸ್ತಿ. ಏನಾಗ್ತದೆ?"

ಅವರು ಪರೀಕ್ಷೆ ಮಾಡುತ್ತಿದ್ದಾರೋ, ಹೊತ್ತಾಯಿತೆಂದು ಹೇಳುತ್ತಿದ್ದಾರೋ, ಮುಖ ನೋಡಿದರೆ ತಿಳಿಯುತ್ತಿರಲಿಲ್ಲ. ದೊಡ್ಡವರು ಹೇಳಿದ ಮೇಲೆ ಮಾಡಬೇಕು. ಬೆರಳು ಹೊರಟೇಬಿಟ್ಟಿತ್ತು. ಅಂಬಿಕಾ ಅದನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡಳು.

"ಬೇಡ ಸಿಸ್ಟರ್," ಎಂದಳು. "ಇದರಲ್ಲಿ ನಂಗೆ ಸರಿ ಗೊತ್ತಾಗ್ತಿಲ್ಲ. ಇದಕ್ಕಿಂತ ಸಣ್ಣ ಗೆರೆ ಇರೋದು ಇದ್ಯಾ?"

ದೊಡ್ಡ ಸಿಸ್ಟರ್ ಅವಳನ್ನು ಒಂದು ಕ್ಷಣ ನೋಡಿ ಮೇಜಿನ ಡ್ರಾಯರ್ ಎಳೆದರು.

ಸಂಜೆಯ ಮುನ್ನ ಅಂಗಳದಲ್ಲಿ ಆಯ್ಕೆಯಾದವರ ಹೆಸರು ಓದಿದರು. ಅರ್ಪಿತಾಳ ಹೆಸರು ಮೊದಲೇ ಬಂತು. ಅಂಬಿಕಾಳ ಹೆಸರು ಕೊನೆಗೆ. ಮಧ್ಯದ ಹೆಸರುಗಳನ್ನು ಓದುವಷ್ಟು ಹೊತ್ತು ಅವಳು ಮನಸ್ಸಿನಲ್ಲೇ ತೋಟಕ್ಕೆ ಹೋಗಿ, ಕತ್ತಿ ಹಿಡಿದು, ಅಪ್ಪನ ಪಕ್ಕದ ಸಾಲಿನಲ್ಲಿ ನಿಂತೂ ಆಗಿತ್ತು. ಬಸ್‌ಸ್ಟ್ಯಾಂಡಿನ ಕಾಯಿನ್ ಬಾಕ್ಸ್ ಫೋನಿನಿಂದ ಕಮಲಕ್ಕನಿಗೆ ಹೇಳಿದಳು. "ಮುಂದೆ ಸೊನ್ನೆ ಹಾಕಿದ್ಯಾ ಎಲ್ಲಾ ಕಡೆ?" ಎಂದು ಕಮಲಕ್ಕ ಕೇಳಿದರು, ದನಿ ಬೇರೆಯೇ ಆಗಿತ್ತು.

ಮನೆ ಮುಟ್ಟುವಾಗ ಸುದ್ದಿ ಮುಂದಾಗಿ ಬಂದಿತ್ತು. ಮಂಜಯ್ಯ ಸ್ನಾನ ಮಾಡಿ, ಹಬ್ಬಕ್ಕೆ ಹಾಕುವ ಅಂಗಿ ಹಾಕಿಕೊಂಡು ಸುಮ್ಮನೆ ಅಂಗಳದಲ್ಲಿ ಓಡಾಡುತ್ತಿದ್ದ. ಒಳಗಿನಿಂದ ಕೋಳಿಸಾರಿನ ವಾಸನೆ. ಸೀತಕ್ಕ ಒಲೆಯ ಮುಂದೆ ಊದಿದ ಕಾಲನ್ನು ಚಾಚಿಕೊಂಡು ಕೂತು ಕಡುಬು ಬೇಯಿಸುತ್ತಿದ್ದಳು. ಮಗಳನ್ನು ಕಂಡು, "ಕೈಕಾಲು ತೊಳ್ಕೊಂಡು ಕೂತ್ಕೋ. ಬೆಳಿಗ್ಗಿಂದ ಎಂತದೂ ತಿಂದಿರಲ್ಲ ನೀನು," ಎಂದಳು. ಅವಳ ಕಣ್ಣು ಹೊಗೆಗೆ ಕೆಂಪಾಗಿತ್ತು, ಅಥವಾ ಬೇರೆಯದಕ್ಕೆ.

ತಟ್ಟೆಗೆ ಎರಡು ಕಡುಬು ಬಿದ್ದವು, ಮೇಲೆ ಸಾರು. ಅಂಬಿಕಾ ಗಬಗಬ ತಿಂದಳು. ಎಷ್ಟು ಹಸಿದಿದ್ದಳೆಂದು ತಿನ್ನತೊಡಗಿದ ಮೇಲೆಯೇ ತಿಳಿದದ್ದು. ತಟ್ಟೆ ಖಾಲಿಯಾಗುವ ಮೊದಲೇ ಸೀತಕ್ಕ ಪಾತ್ರೆಯ ಮುಚ್ಚಳ ತೆಗೆದು, ಬಿಸಿ ಕಡುಬೊಂದನ್ನು ಎತ್ತಿ ಹಿಡಿದಳು.

"ಇನ್ನೊಂದು?"

"ಸಾಕಮ್ಮ," ಎಂದು ಅಂಬಿಕಾ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದಳು. ಹುಟ್ಟಿದಾಗಿನಿಂದ ಹಾಗೆಯೇ ಹಿಡಿದವಳು. ಆ ಮನೆಯಲ್ಲಿ ಸಾಕು ಎನ್ನುವುದು ಊಟದ ಒಂದು ಮಾತು ಅಷ್ಟೇ. ಅಡ್ಡ ಹಿಡಿದ ಬೆರಳುಗಳನ್ನು ಸರಿಸಿ, ಬೈದು, ಇನ್ನೊಂದು ಬೀಳುತ್ತಿತ್ತು.

ಸೀತಕ್ಕನ ಕೈ ನಿಂತಿತು. ಕಡುಬಿನಿಂದ ಹಬೆ ಏಳುತ್ತಿತ್ತು. ಅವಳು ಮಗಳ ಮುಖವನ್ನು ಒಮ್ಮೆ, ಕೈಯನ್ನು ಒಮ್ಮೆ ನೋಡಿದಳು.

"ಸಾಕಂದ್ರೆ ಸಾಕು," ಎಂದು ಮೆಲ್ಲಗೆ ಹೇಳಿ, ಕಡುಬನ್ನು ತಿರುಗಿ ಪಾತ್ರೆಗಿಟ್ಟು ಮುಚ್ಚಳ ಮುಚ್ಚಿದಳು.

ಅಂಬಿಕಾ ತಟ್ಟೆಯ ಮೇಲಿಟ್ಟ ಕೈಯನ್ನು ತೆಗೆಯದೆ ಹಾಗೆಯೇ ಕೂತಿದ್ದಳು.